ಪಾದಯಾತ್ರಿಗಳಿಗೆ ಮಣ್ಣಿನ ತಂಗುದಾಣ: ದೇವದುರ್ಗ ಹಾಗೂ ಮಾನ್ವಿ ಮಾರ್ಗಗಳಿಗೆ ಒಗ್ಗುವ ವಿನ್ಯಾಸ

ಯುಗಾದಿಗೆ ಮುನ್ನ, ಫಾಲ್ಗುಣ ಮಾಸದ ದಿನಗಳಲ್ಲಿ, ಉತ್ತರ ಕರ್ನಾಟಕದ ಅನೇಕ ಜಿಲ್ಲೆಗಳಿಂದ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕಾಗಿ ಕಾಲ್ನಡಿಗೆಯಲ್ಲಿ ಹೊರಟ ಭಕ್ತರು ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಸಾಲುಗಟ್ಟುತ್ತಾರೆ. ಇವರಲ್ಲಿ ಮಲ್ಲಯ್ಯನ ಕಂಬಿಯನ್ನು ಹೆಗಲಿಗೇರಿಸಿಕೊಂಡವರು, ಹರಕೆ ಹೊತ್ತು ಮರಗಾಲು ಕಟ್ಟಿ ನಡೆಯುವವರು, ಎಳೆಯ ಮಕ್ಕಳನ್ನು ಜೊತೆಗೆ ಕರೆತಂದ ತಾಯಂದಿರು, ಅರವತ್ತು ದಾಟಿದ ರೈತರು ಎಲ್ಲರೂ ಇರುತ್ತಾರೆ. ರಾಯಚೂರನ್ನು ದಾಟಿದ ಮೇಲೂ ಅವರ ಮುಂದೆ ಕರ್ನೂಲು, ಆತ್ಮಕೂರು, ಅಲ್ಲಿಂದಾಚೆಗೆ ನಲ್ಲಮಲ ಅರಣ್ಯದ ಏರುದಾರಿ ಉಳಿದಿರುತ್ತದೆ. ಶ್ರಾವಣ ಬಹುಳದಲ್ಲಿ ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಆರಾಧನೆಗೆ ನಡೆದು ಹೋಗುವವರು ಬೇರೆ. ದಾರಿಯುದ್ದಕ್ಕೂ ಗ್ರಾಮಸ್ಥರು ದಾಸೋಹ ನಡೆಸುತ್ತಾರೆ, ಅರವಟ್ಟಿಗೆ ಇಡುತ್ತಾರೆ. ಅನ್ನಕ್ಕೂ ನೀರಿಗೂ ಅಷ್ಟಾಗಿ ಕೊರತೆ ಬೀಳುವುದಿಲ್ಲ. ಕೊರತೆ ಬೀಳುವುದು ನೆರಳಿಗೆ.

ಮಾರ್ಚ್ ಕೊನೆಯ ವಾರದಲ್ಲಿ ಈ ಭಾಗದ ಮಧ್ಯಾಹ್ನದ ಉಷ್ಣತೆ 38ರಿಂದ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುವುದು ಸಾಮಾನ್ಯ. ಆ ಹೊತ್ತಿನಲ್ಲಿ ಶಾಮಿಯಾನವಾಗಲಿ ತಗಡಿನ ಶೆಡ್ಡಾಗಲಿ ಬಿಸಿಲನ್ನು ತಡೆಯುತ್ತದೆಯೇ ವಿನಾ ಸೆಕೆಯನ್ನು ತಡೆಯುವುದಿಲ್ಲ; ಕಾದ ತಗಡು ಕೆಳಗೆ ಮಲಗಿದವರ ಮೇಲೆ ತಾನೇ ಶಾಖವನ್ನು ಸೂಸುತ್ತದೆ. ಬೆಳಿಗ್ಗೆ 15 ಕಿಲೋಮೀಟರ್ ನಡೆದು ಬಂದ ವ್ಯಕ್ತಿಯ ಮೈ ತಣಿಯಬೇಕಾದ ಸಮಯದಲ್ಲಿ ತಣಿಯದೆ, ಸಂಜೆ ಮತ್ತೆ ನಡಿಗೆ ಆರಂಭವಾದರೆ ಉಷ್ಣಾಘಾತದ ಅಪಾಯವಿದೆ. ಈ ಹಿನ್ನೆಲೆಯಲ್ಲಿ, ಸ್ಥಳೀಯ ಮಣ್ಣಿನಿಂದ ತಂಗುದಾಣ ಕಟ್ಟಲು ಉದ್ದೇಶಿಸುವ ಗ್ರಾಮ ಪಂಚಾಯತಿಗಳು, ಕಿರಿಯ ಅಭಿಯಂತರರು ಮತ್ತು ದಾಸೋಹ ಸಮಿತಿಗಳ ತಿಳಿವಳಿಕೆಗಾಗಿ ವಿನ್ಯಾಸದ ಮುಖ್ಯ ವಿಚಾರಗಳನ್ನು ಇಲ್ಲಿ ವಿವರಿಸಲಾಗಿದೆ.

ದಾರಿಹೋಕರಿಗೆ ತಂಗುದಾಣ ಕಟ್ಟುವುದು ಆಳುವವರ ಕರ್ತವ್ಯವೆಂಬ ಭಾವನೆ ಈ ನೆಲಕ್ಕೆ ಹೊಸದಲ್ಲ. ರಸ್ತೆಬದಿಯಲ್ಲಿ ಆಲದ ಮರ ನೆಡಿಸಿ, ಬಾವಿ ತೋಡಿಸಿ, ವಿಶ್ರಾಂತಿ ಸ್ಥಳಗಳನ್ನು ಮಾಡಿಸಿದುದಾಗಿ ಅಶೋಕ ಚಕ್ರವರ್ತಿ ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆ ಶಾಸನ ಇರುವುದು ದೆಹಲಿಯಲ್ಲಿ. ಆದರೆ ಅಶೋಕ ಎಂಬ ಹೆಸರನ್ನೇ ಹೊತ್ತು 1915ರಲ್ಲಿ ಬೆಳಕಿಗೆ ಬಂದ ಶಿಲಾಶಾಸನ ಇದೇ ಜಿಲ್ಲೆಯ ಮಸ್ಕಿಯದು.

ನಡೆಯುವವರ ಗಡಿಯಾರ

ಯಾವುದೇ ತಂಗುದಾಣದ ವಿನ್ಯಾಸ ಅದನ್ನು ಬಳಸುವವರ ದಿನಚರಿಯಿಂದ ಆರಂಭವಾಗಬೇಕು. ಬೇಸಿಗೆಯ ಪಾದಯಾತ್ರಿಗಳು ನಸುಕಿನ ಮೂರು–ನಾಲ್ಕು ಗಂಟೆಗೆ ಹೊರಟು, ಬಿಸಿಲೇರುವ ಹತ್ತು ಗಂಟೆಯ ಹೊತ್ತಿಗೆ ನೆರಳು ಹುಡುಕುತ್ತಾರೆ. ಸಂಜೆ ನಾಲ್ಕರ ನಂತರ ಮತ್ತೆ ನಡೆದು ರಾತ್ರಿ ಎಲ್ಲಾದರೂ ಒರಗುತ್ತಾರೆ. ಹೀಗಾಗಿ ಇವರಿಗೆ ಗೋಡೆಯೊಳಗಿನ ತಂಪು ಬೇಕಾಗುವುದು ಹಗಲು ಹತ್ತರಿಂದ ನಾಲ್ಕರವರೆಗೆ ಮಾತ್ರ.

ಮಣ್ಣಿನ ಗೋಡೆಯ ಗುಣ ಈ ದಿನಚರಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯ ಹೊರಮೈಗೆ ತಾಗಿದ ಬಿಸಿ ಒಳಮೈಯನ್ನು ತಲುಪಲು ಸುಮಾರು 10ರಿಂದ 12 ಗಂಟೆ ಬೇಕು. ತಗಡಿಗೆ ಕೆಲವೇ ನಿಮಿಷ ಸಾಕು. ಪಶ್ಚಿಮದ ಗೋಡೆಗೆ ಮಧ್ಯಾಹ್ನ ಎರಡರಿಂದ ಆರರವರೆಗೆ ಬಿದ್ದ ಬಿಸಿಲು ಒಳಗೆ ತಿಳಿಯುವುದು ನಡುರಾತ್ರಿಯ ನಂತರ. ಅಷ್ಟರಲ್ಲಿ ಮಧ್ಯಾಹ್ನ ತಂಗಿದ್ದವರು ಹೋಗಿ ಬಹಳ ಹೊತ್ತಾಗಿರುತ್ತದೆ. ರಾತ್ರಿಯ ತಂಗಾಳಿ ಗೋಡೆಯನ್ನು ಒಳಗೂ ಹೊರಗೂ ತಣಿಸಿದರೆ ಮರುದಿನ ಹತ್ತು ಗಂಟೆಗೆ ಬರುವ ತಂಡಕ್ಕೆ ತಂಪಾದ ಕೋಣೆ ಸಿದ್ಧ.

ಇದೇ ಗುಣದಿಂದ ಒಂದು ತೊಡಕೂ ಇದೆ. ರಾತ್ರಿಯ ವೇಳೆ ಇಂತಹ ಕೋಣೆಯ ಒಳಗು ಬೆಚ್ಚಗಿರುತ್ತದೆ. ಮಣ್ಣಿನ ಮನೆ ಸದಾ ತಂಪು ಎಂಬುದು ಅರ್ಧ ಸತ್ಯ. ಈ ಭಾಗದ ಮಾಳಿಗೆ ಮನೆಗಳಲ್ಲಿ ಬೆಳೆದವರು ಬೇಸಿಗೆಯ ರಾತ್ರಿ ಹಾಸಿಗೆಯನ್ನು ಮಾಳಿಗೆಯ ಮೇಲಕ್ಕೋ ಅಂಗಳಕ್ಕೋ ಒಯ್ಯುತ್ತಿದ್ದುದು ಸುಮ್ಮನೆ ಅಲ್ಲ. ಆದ್ದರಿಂದ ಹಗಲಿಗೆ ದಪ್ಪ ಗೋಡೆಯ ಕೋಣೆ, ರಾತ್ರಿಗೆ ತೆರೆದ ಪಡಸಾಲೆ, ಎರಡೂ ಇರಬೇಕು. ಒಂದೇ ದೊಡ್ಡ ಹಾಲ್ ಕಟ್ಟಿ ಮುಗಿಸುವ ಈಗಿನ ರೂಢಿಯ ನಕ್ಷೆ ಎರಡು ಹೊತ್ತಿಗೂ ಒದಗುವುದಿಲ್ಲ.

ಹೊರೆ ಹೊತ್ತವರು ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುತ್ತಾರೆಂದು ಎಣಿಸಿದರೆ, ತಂಗುದಾಣಗಳ ನಡುವೆ 12ರಿಂದ 15 ಕಿಲೋಮೀಟರ್ ಅಂತರ ಸೂಕ್ತ. ರಾಯಚೂರಿನಿಂದ ಗಬ್ಬೂರಿನ ಮೇಲೆ ದೇವದುರ್ಗ ಸುಮಾರು 55 ಕಿಲೋಮೀಟರ್. ಕಲ್ಲೂರಿನ ಮೇಲೆ ಮಾನ್ವಿ ಸುಮಾರು 45 ಕಿಲೋಮೀಟರ್. ಪ್ರತಿ ಮಾರ್ಗಕ್ಕೆ ಮೂರು ಸಣ್ಣ ತಂಗುದಾಣಗಳು ಒಂದು ದೊಡ್ಡ ಭವನಕ್ಕಿಂತ ಹೆಚ್ಚು ಪ್ರಯೋಜನಕಾರಿ. ರಾಯಚೂರು ನಗರದೊಳಗೆ ಹೊಸ ಕಟ್ಟಡದ ಅಗತ್ಯ ಅಷ್ಟಾಗಿಲ್ಲ. ಅಲ್ಲಿ ದೇವಸ್ಥಾನಗಳು, ಕಲ್ಯಾಣ ಮಂಟಪಗಳು, ಶಾಲೆಗಳಿವೆ. ನೆರಳಿಲ್ಲದಿರುವುದು ಊರು ಮುಗಿದ ಮೇಲಿನ ಹೊಲದ ದಾರಿಯಲ್ಲಿ.

ನಕ್ಷೆ

ಒಳ ಅಳತೆ 30 ಅಡಿ ಉದ್ದ, 16 ಅಡಿ ಅಗಲದ ಒಂದು ಕೋಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಲಗಿದ ಒಬ್ಬರಿಗೆ 18 ಚದರ ಅಡಿಯಂತೆ ಇದರಲ್ಲಿ ಸುಮಾರು 25 ಜನರಿಗೆ ಸ್ಥಳವಾಗುತ್ತದೆ. ಉತ್ತರ ಹಾಗೂ ಪೂರ್ವಕ್ಕೆ 8 ಅಡಿ ಅಗಲದ ಪಡಸಾಲೆ ಸುತ್ತಿದರೆ ಮತ್ತೆ ಅಷ್ಟೇ ವಿಸ್ತೀರ್ಣ ಸಿಗುತ್ತದೆ. ಕೋಣೆಯ ಉದ್ದ ಪೂರ್ವ–ಪಶ್ಚಿಮವಾಗಿರಬೇಕು. ಆಗ ಪಶ್ಚಿಮದ ಬಿಸಿಲಿಗೆ ಸಿಗುವುದು ಕಿರಿದಾದ ಗೋಡೆ ಮಾತ್ರ. ಆ ಗೋಡೆಗೆ ಕಿಟಕಿ ಬೇಡ. ಬಾಗಿಲುಗಳೆರಡೂ ಉತ್ತರದ ಪಡಸಾಲೆಗೆ ತೆರೆಯಲಿ. ದಕ್ಷಿಣದ ಗೋಡೆಯಲ್ಲಿ, ಚಾವಣಿಯ ಕೆಳಗೆ, ಅಂಗೈಯಗಲದ ಗವಾಕ್ಷಿಗಳ ಸಾಲು ಇದ್ದರೆ ಬಿಸಿ ಗಾಳಿ ಮೇಲಿನಿಂದ ಹೊರಹೋಗುತ್ತದೆ.

ರಾಯಚೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಯುಗಾದಿಯ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 75 ಡಿಗ್ರಿ ಎತ್ತರದಲ್ಲಿರುವುದರಿಂದ, ದಕ್ಷಿಣಕ್ಕೆ ಮೂರು ಅಡಿ ಮುಂಚಾಚಿದ ಸೂರು 10 ಅಡಿ ಎತ್ತರದ ಇಡೀ ಗೋಡೆಗೆ ಆ ಹೊತ್ತಿನಲ್ಲಿ ನೆರಳು ಕೊಡುತ್ತದೆ. ಪಶ್ಚಿಮದ ಇಳಿಬಿಸಿಲಿಗೆ ಸೂರು ಏನೂ ಮಾಡಲಾರದು. ಅಲ್ಲಿ ಬೇವು ಅಥವಾ ಹೊಂಗೆಯ ಮರಗಳೇ ಗತಿ.

ಕೋಣೆಯ ಮೂರನೆಯ ಒಂದು ಭಾಗವನ್ನು ಏಳು ಅಡಿ ಎತ್ತರದ ಅಡ್ಡಗೋಡೆಯಿಂದ ಬೇರ್ಪಡಿಸಿ ಮಹಿಳೆಯರಿಗೆ ಮೀಸಲಿಡುವುದು, ಶೌಚಾಲಯ ಮತ್ತು ಸ್ನಾನದ ಮನೆಗೆ ಆ ಭಾಗದಿಂದಲೇ ದಾರಿ ಇರಿಸುವುದು ಅಗತ್ಯ. ಅಡುಗೆ ಕಟ್ಟಡದೊಳಗೆ ನಡೆಯದಂತೆ ಹೊರಗೆ ಪ್ರತ್ಯೇಕ ಒಲೆಕಟ್ಟೆ ಬೇಕು. ಪಡಸಾಲೆಯ ಅಂಚಿನಲ್ಲಿ ಒಂದೂವರೆ ಅಡಿ ಎತ್ತರದ ಜಗಲಿ, ಅದರ ಮುಂದೆ ಕಾಲು ಇಳಿಬಿಟ್ಟು ತೊಳೆದುಕೊಳ್ಳಲು ಆಳವಿಲ್ಲದ ಕಲ್ಲಿನ ಕಾಲುವೆ ಇದ್ದರೆ ಬೊಬ್ಬೆ ಎದ್ದ ಪಾದಗಳಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಕಂಬಿ ಇಳಿಸಲು ಪೂರ್ವದ ಪಡಸಾಲೆಯಲ್ಲಿ ಎತ್ತರದ ಕಟ್ಟೆಯೊಂದನ್ನು ನಕ್ಷೆಯಲ್ಲೇ ತೋರಿಸತಕ್ಕದ್ದು. ಕುಡಿಯುವ ನೀರಿಗೆ ಮಣ್ಣಿನ ಹರವಿಗಳು ಸಾಕು. ಆದರೆ ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದರಿಂದ ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ತುಂಬಿಸಬಾರದು.

ಎರಡು ಬಣ್ಣದ ಮಣ್ಣು

ಜಿಲ್ಲೆಯಲ್ಲಿ ಎರೆಭೂಮಿಯೂ ಇದೆ, ಕೆಂಪು ಮಸಾರಿಯೂ ಇದೆ. ಗೋಡೆಗೆ ಒದಗುವುದು ಎರಡನೆಯದು. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಊದಿಕೊಂಡು, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯ ಹೊಲದಲ್ಲಿ ಕೈ ತೂರುವಷ್ಟು ಬಾಯಿಬಿಟ್ಟ ನೆಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕೆರೆಯ ಹೂಳನ್ನು ಹಾಗೆಯೇ ಗೋಡೆಗೆ ಬಳಸುವುದೂ ಸರಿಯಲ್ಲ. ಅದರಲ್ಲಿ ನುಣುಪು ಕಣ ಹೆಚ್ಚು, ಮರಳು ಕಡಿಮೆ. ಒತ್ತಿದ ಮಣ್ಣಿನ ಇಟ್ಟಿಗೆಗೆ ಬೇಕಾದುದು ಮೂರನೆಯ ಎರಡು ಪಾಲು ಮರಳು ಮತ್ತು ಶೇಕಡ 10ರಿಂದ 15ರಷ್ಟು ಜೇಡಿ ಇರುವ ಮಣ್ಣು. ಕಲ್ಲುಗುಡ್ಡಗಳ ಬುಡದ ಮಸಾರಿ ಇದಕ್ಕೆ ಹತ್ತಿರ. ಮೇಲಿನ ಒಂದು ಅಡಿ ಮಣ್ಣನ್ನು ಪ್ರತ್ಯೇಕವಾಗಿ ತೆಗೆದಿಟ್ಟು ಸಸಿಗಳಿಗೆ ಬಳಸಬೇಕು. ಬೇರು, ಕಸ ಕಲೆತ ಆ ಮಣ್ಣು ಗೋಡೆಗೆ ಬೇಡ.

ಪರೀಕ್ಷೆಗೆ ದೊಡ್ಡ ಸಾಧನ ಬೇಕಿಲ್ಲ. ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು, ಉಳಿದುದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಟ್ಟರೆ ಮರಳು ತಳದಲ್ಲಿ, ನುಣುಪು ಕಣ ನಡುವೆ, ಜೇಡಿ ಮೇಲೆ ಪದರಗಟ್ಟುತ್ತವೆ. ಹದವಾಗಿ ಕಲಸಿದ ಮಣ್ಣನ್ನು ಬೆರಳು ದಪ್ಪದ ಬತ್ತಿಯಾಗಿ ಹೊಸೆದು ಮೇಜಿನ ಅಂಚಿನಿಂದ ಮೆಲ್ಲಗೆ ಹೊರದೂಡಬೇಕು. 5 ಸೆಂಟಿಮೀಟರಿಗಿಂತ ಮೊದಲೇ ಮುರಿದರೆ ಮರಳು ಹೆಚ್ಚು. 15 ದಾಟಿದರೂ ಮುರಿಯದಿದ್ದರೆ ಜೇಡಿ ಹೆಚ್ಚು. ರೈತರ ಬಳಿ ಇರುವ ಮಣ್ಣು ಪರೀಕ್ಷಾ ಚೀಟಿಯನ್ನು ಇದಕ್ಕೆ ಆಧಾರ ಮಾಡಿಕೊಳ್ಳುವಂತಿಲ್ಲ. ಅದು ಬೆಳೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಹೇಳುತ್ತದೆ. ಗೋಡೆ ನಿಲ್ಲುವುದೇ ಎಂಬುದನ್ನು ಹೇಳುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು, ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ಕರ್ನಾಟಕದಲ್ಲಿ ಬಳಕೆಗೆ ತಂದಿತು. ಇದಕ್ಕೆ ಭಾರತೀಯ ಮಾನಕ 1725 ಅನ್ವಯಿಸುತ್ತದೆ. ಸಿಮೆಂಟಿನ ಪ್ರಮಾಣ ಸಾಮಾನ್ಯವಾಗಿ ಶೇಕಡ 5ರಿಂದ 8. ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದರೆ ಸಿಮೆಂಟಿಗಿಂತ ಸುಣ್ಣವೇ ಹೆಚ್ಚು ಪರಿಣಾಮಕಾರಿ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಸುಣ್ಣದೊಡನೆ ಸೇರಿ ಗಟ್ಟಿಯಾಗುವ ಗುಣವುಳ್ಳದ್ದು. ಪ್ರಮಾಣವನ್ನು ಮಾತ್ರ ಪ್ರಯೋಗಾಲಯದಲ್ಲಿ ನಿರ್ಧರಿಸಬೇಕು. ಇಡೀ ಗೋಡೆಗೆ ಸಿಮೆಂಟ್ ಬೆರೆಸುವುದು ಅನಗತ್ಯ ವೆಚ್ಚ. ಕೆಳಗಿನ ಮೂರು ಅಡಿ, ಮೂಲೆಗಳು, ಬಾಗಿಲಿನ ಪಕ್ಕಗಳು ಸ್ಥಿರೀಕರಿಸಿದ ಇಟ್ಟಿಗೆಯಾಗಿ, ಉಳಿದುದು ಹೊಟ್ಟು ಬೆರೆಸಿದ ಹಸಿ ಇಟ್ಟಿಗೆಯಾಗಿರಬಹುದು. ಮೇಲೆ ವಿವರಿಸಿದ ಅಳತೆಯ ಕೋಣೆಯ ಹೊರಗೋಡೆಗೆ, ಬಾಗಿಲುಗಳ ಜಾಗ ಕಳೆದು, ಸುಮಾರು 1,400 ಘನ ಅಡಿ ಗೋಡೆ ಬರುತ್ತದೆ. ಸಡಿಲ ಮಣ್ಣು ಒತ್ತಿದಾಗ ಕುಗ್ಗುವುದರಿಂದ ಸುಮಾರು 20 ಬ್ರಾಸ್ ಮಣ್ಣು ಶೇಖರಿಸಬೇಕಾಗುತ್ತದೆ.

ಇಟ್ಟಿಗೆ ಒತ್ತುವ ಕೆಲಸ ಮಳೆ ಮುಗಿದು ಬಿಸಿಲು ಬಲಿಯುವ ಮೊದಲು, ನವೆಂಬರಿನಿಂದ ಜನವರಿಯೊಳಗೆ, ನಡೆಯಬೇಕು. ಸಿಮೆಂಟ್ ಬೆರೆಸಿದ ಇಟ್ಟಿಗೆಗಳನ್ನು ಹುಲ್ಲು ಹೊದಿಸಿ ಮೂರರಿಂದ ನಾಲ್ಕು ವಾರ ನೀರುಣಿಸದಿದ್ದರೆ ಸಿಮೆಂಟಿನ ಹಣ ಮಣ್ಣುಪಾಲಾದಂತೆಯೇ.

2009ರ ಮಳೆ ಬಿಟ್ಟುಹೋದ ಭಯ

ಮಣ್ಣಿನ ಕಟ್ಟಡವೆಂದರೆ ಗ್ರಾಮಸಭೆಗಳಲ್ಲಿ ಮೊದಲು ಬರುವ ಆಕ್ಷೇಪಣೆ 2009ರದ್ದು. ಆ ವರ್ಷ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ಕೃಷ್ಣೆ, ತುಂಗಭದ್ರೆಗಳೆರಡೂ ಉಕ್ಕಿದವು. ಮಂತ್ರಾಲಯ ಕ್ಷೇತ್ರವೇ ಜಲಾವೃತವಾಯಿತು. ಜಿಲ್ಲೆಯ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಭಯಕ್ಕೆ ಕಾರಣವಿದೆ, ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಆದರೆ ಗೋಡೆ ಬೀಳುವ ಬಗೆಯನ್ನು ಗಮನಿಸಬೇಕು. ಮಳೆ ನೇರವಾಗಿ ಗೋಡೆಯನ್ನು ಕರಗಿಸುವುದಕ್ಕಿಂತ ಹೆಚ್ಚಾಗಿ, ಬುಡದಲ್ಲಿ ನಿಂತ ನೀರು ಗೋಡೆಯ ಪಾದವನ್ನು ಮೆತ್ತಗೆ ಮಾಡುತ್ತದೆ. ಮೇಲಿನಿಂದ ನೆನೆದ ಚಾವಣಿ ಭಾರವಾಗುತ್ತದೆ. ಮೆತ್ತಗಾದ ಪಾದದ ಮೇಲೆ ಭಾರವಾದ ತಲೆ ಕೂರುತ್ತದೆ. ರಕ್ಷಣೆ ಬೇಕಾದುದು ಈ ಎರಡು ಕಡೆ.

ನದಿಯ ನೆರೆ ಮುಟ್ಟಿದ ಗುರುತಿರುವ ಸ್ಥಳದಲ್ಲಿ ಮಣ್ಣಿನ ತಂಗುದಾಣ ಕಟ್ಟಲೇಬಾರದು. ಇತರೆಡೆ ಸೈಜುಗಲ್ಲಿನ ಅಡಿಪಾಯ ನೆಲದಿಂದ ಕನಿಷ್ಠ ಎರಡು ಅಡಿ ಮೇಲೇಳಬೇಕು. ಸೂರಿನ ನೀರು ಚಿಮ್ಮಿ ತಾಗುವುದು ಕಲ್ಲಿಗೆ, ಮಣ್ಣಿಗಲ್ಲ. ಗೆದ್ದಲು ಏರುವುದನ್ನೂ ಇದು ಬಹುಮಟ್ಟಿಗೆ ತಡೆಯುತ್ತದೆ. ಎರೆಭೂಮಿಯಲ್ಲಿ ಅಡಿಪಾಯದ ಸುತ್ತಲಿನ ಎರೆಮಣ್ಣನ್ನು ತೆಗೆದು ಊದದ ಗರಸು ಮಣ್ಣನ್ನು ಪದರಪದರವಾಗಿ ದಮ್ಮಸ್ಸು ಮಾಡಬೇಕು. ಊದದ ಜಿಗುಟು ಮಣ್ಣಿನ ಪದರದಿಂದ ಎರೆಯ ಊತವನ್ನು ಹಿಡಿದಿಡುವ ಈ ತತ್ವವನ್ನು ಬಾಂಬೆ ಐಐಟಿಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು ರೂಪಿಸಿದರು. ಮಲಪ್ರಭಾ ಕಾಲುವೆಯ ಕಾಮಗಾರಿಯಲ್ಲಿ ಅದು ಬಳಕೆಯಾಯಿತು. ಕಟ್ಟಡದ ಸುತ್ತ ನಾಲ್ಕು ಅಡಿ ಅಗಲದ, ಹೊರಗಿಳಿಜಾರಿನ ಕಲ್ಲುಹಾಸು ಹಾಕಿ ನೀರನ್ನು ಚರಂಡಿಗೆ ಹರಿಸಬೇಕು. ಎರೆಭೂಮಿಯಲ್ಲಿ ಮರದ ಬೇರು ನೆಲದ ತೇವವನ್ನು ಹೀರಿ ಅಡಿಪಾಯ ಕುಸಿಯುವಂತೆ ಮಾಡುವುದರಿಂದ, ಪಶ್ಚಿಮದ ಬೇವು–ಹೊಂಗೆಗಳನ್ನು ಗೋಡೆಯಿಂದ 20 ಅಡಿ ದೂರದಲ್ಲೇ ನೆಡುವುದು ಕ್ಷೇಮ. ಇಳಿಬಿಸಿಲಿನ ನೆರಳು ಉದ್ದವಾದ್ದರಿಂದ ಅಷ್ಟು ದೂರದಿಂದಲೂ ಗೋಡೆಯನ್ನು ತಲುಪುತ್ತದೆ.

ಚಾವಣಿಯ ವಿಚಾರದಲ್ಲಿ ಹಳೆಯ ಪದ್ಧತಿಯನ್ನು ಹಾಗೆಯೇ ಅನುಸರಿಸುವುದು ಸೂಕ್ತವಲ್ಲ. ತೊಲೆ, ಜಂತಿ, ಹಲಗೆಗಳ ಮೇಲೆ ಸೊಪ್ಪು ಹಾಸಿ ಮಣ್ಣು ಹೊರಿಸುವ ಮೇಲ್ಮುದ್ದೆಯಲ್ಲಿ ಹಿರಿಯರ ಜಾಣ್ಮೆ ಇದೆ. ಮಳೆಗಾಲಕ್ಕೆ ಮುನ್ನ ಮೇಲೆ ಹರಡುವ ಕರಲು ಮಣ್ಣಿನ ಕಣಗಳು ಅದರೊಳಗಿನ ಸೋಡಿಯಂ ಲವಣದಿಂದಾಗಿ ನೀರಿನಲ್ಲಿ ಬಿಡಿಬಿಡಿಯಾಗಿ ಚದುರಿ ಸಂದುಗಳನ್ನು ಮುಚ್ಚುತ್ತವೆ, ನೀರು ಇಳಿಯುವುದಿಲ್ಲ. ಬೆಳೆಗೆ ಬಾರದ ಸವಳು ಮಣ್ಣು ಚಾವಣಿಗೆ ಬಂದದ್ದು ಹೀಗೆ. ಆದರೆ ಹಳೆಯ ಪದರವನ್ನು ಕೆರೆಯದೆ ವರ್ಷವರ್ಷವೂ ಹೊಸದನ್ನು ಸುರಿದಂತೆ ಭಾರ ಏರುತ್ತಲೇ ಹೋಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರ ಜೀವ ಹೋದದ್ದು ಬಹುಪಾಲು ಇಂತಹ ಭಾರದ ಮಣ್ಣಿನ ಚಾವಣಿ ಮತ್ತು ಕಟ್ಟು ಹಿಡಿಯದ ಕಲ್ಲುಗೋಡೆಗಳ ಕೆಳಗೆ. ಅಪರಿಚಿತರು ನಿದ್ರಿಸುವ ಸಾರ್ವಜನಿಕ ಕಟ್ಟಡಕ್ಕೆ ಆ ಚಾವಣಿ ಬೇಡ.

ಅದರ ಬದಲು ಕೋಣೆಗೆ ತುಂಬುಚಾವಣಿ ಸಾಧುವಾದುದು. ಲಾರಿ ಬೇಕರ್ ಅವರು ಕೇರಳದಲ್ಲಿ ಜನಪ್ರಿಯಗೊಳಿಸಿದ ಈ ಕ್ರಮದಲ್ಲಿ ಕಾಂಕ್ರೀಟಿನ ಕೆಳಭಾಗದಲ್ಲಿ, ಕಂಬಿಗಳ ನಡುವೆ, ಹೆಂಚು ಅಥವಾ ಬೋರಲು ಮಡಕೆಗಳನ್ನಿಟ್ಟು ಕೆಲಸವಿಲ್ಲದ ಕಾಂಕ್ರೀಟನ್ನು ಉಳಿಸಲಾಗುತ್ತದೆ. ಮಡಕೆಯೊಳಗಿನ ಗಾಳಿ ಶಾಖವನ್ನೂ ತಡೆಯುತ್ತದೆ. ಬಾಗಿಲಿನ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತುವ ಕಾಂಕ್ರೀಟ್ ಪಟ್ಟಿಯನ್ನು ಯಾವ ಕಾರಣಕ್ಕೂ ಕೈಬಿಡುವಂತಿಲ್ಲ. ಪಡಸಾಲೆಗೆ ಹಗುರವಾದ ಮಂಗಳೂರು ಹೆಂಚು ಸಾಕು. ಕೋತಿಗಳ ಕಾಟವಿರುವ ಊರುಗಳಲ್ಲಿ ಫರ್ಸಿ ಕಲ್ಲು. ಚಾವಣಿಯ ಮೇಲ್ಮೈಗೆ ಪ್ರತಿ ವರ್ಷ ಶಿವರಾತ್ರಿಯ ನಂತರ ಎರಡು ಕೈ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಹಿಂದಿರುಗಿ ಹೋಗುತ್ತದೆ. ಮಣ್ಣಿನ ಕಮಾನು ಚಾವಣಿ ನೋಡಲು ಸೊಗಸಾದರೂ ನುರಿತ ಗೌಂಡಿಗಳಿಲ್ಲದೆ ಅದಕ್ಕೆ ಕೈಹಾಕದಿರುವುದು ಲೇಸು.

ಮಾನ್ವಿ ಮಾರ್ಗದ ಭಿನ್ನತೆ

ಮಾನ್ವಿ ಜಗನ್ನಾಥದಾಸರ ಊರು; ತಾಲ್ಲೂಕಿನ ಚೀಕಲಪರವಿ ವಿಜಯದಾಸರ ಜನ್ಮಸ್ಥಳ. ಈ ಕಡೆಯಿಂದ ಮಂತ್ರಾಲಯಕ್ಕೆ ನಡೆಯುವವರು ಹೊರಡುವುದು ಮಳೆಗಾಲದ ನಡುವೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಆಗ ನೆಲವೆಲ್ಲ ಕೆಸರು. ಇಲ್ಲಿನ ತಂಗುದಾಣದಲ್ಲಿ ಒದ್ದೆ ಬಟ್ಟೆ ಒಣಗಿಸಲು ಪಡಸಾಲೆಯಲ್ಲಿ ಹಗ್ಗದ ಗೂಟಗಳು, ಕೆಸರು ತೊಳೆದ ಮೇಲಷ್ಟೇ ಒಳಗೆ ಕಾಲಿಡುವಂತೆ ಮೆಟ್ಟಿಲ ಬಳಿಯೇ ನೀರು, ಒಳನೆಲಕ್ಕೆ ಮಣ್ಣಿನ ಬದಲು ಶಹಾಬಾದ್ ಕಲ್ಲಿನ ಹಾಸು ಇರಬೇಕು. ನೈಋತ್ಯದ ಇರಚಲು ತಾಗುವ ದಕ್ಷಿಣ ಮತ್ತು ಪಶ್ಚಿಮ ಗೋಡೆಗಳ ಹೊರಮೈಗೆ ಸುಣ್ಣದ ಗಾರೆ ಅವಶ್ಯ. ಸಿಮೆಂಟ್ ಪ್ಲಾಸ್ಟರ್ ಮಾತ್ರ ಸಲ್ಲದು. ಅದು ಗೋಡೆಯೊಳಗೆ ಸೇರಿದ ತೇವ ಹೊರಬರದಂತೆ ತಡೆದು, ಕೆಲವು ಮಳೆಗಾಲಗಳಲ್ಲಿ ಹಪ್ಪಳದಂತೆ ಕಳಚಿ ಬೀಳುತ್ತದೆ, ಕಳಚುವಾಗ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ.

ಉಳಿದ ಹನ್ನೊಂದು ತಿಂಗಳು

ಪಾದಯಾತ್ರಿಗಳು ಬರುವುದು ವರ್ಷದಲ್ಲಿ ಕೆಲವೇ ವಾರ. ಬಳಸದೆ ಬಿಟ್ಟ ಮಣ್ಣಿನ ಕಟ್ಟಡ ಬಳಸುವ ಕಟ್ಟಡಕ್ಕಿಂತ ಬೇಗ ಹಾಳಾಗುತ್ತದೆ. ಇಲಿಯ ಬಿಲ, ಗೆದ್ದಲಿನ ಹುತ್ತ, ಸೋರುವ ಒಂದು ಹೆಂಚು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಸ್ಥಳ ಆಯ್ಕೆಯಲ್ಲಿಯೇ ನಿತ್ಯದ ಬಳಕೆದಾರರನ್ನು ಗುರುತಿಸಬೇಕು. ಬಸ್ಸಿಗೆ ಕಾಯುವ ವಿದ್ಯಾರ್ಥಿಗಳು, ಹತ್ತಿ ಬಿಡಿಸಲು ಬಂದ ಕೂಲಿಕಾರರು, ಕುರಿಗಾಹಿಗಳು ತಂಗುವ ಕಡೆಯೇ ತಂಗುದಾಣವಿರಲಿ. ಬೀಗ ಹಾಕಿದ ಭವನ ಯಾತ್ರಿಗಳಿಗೂ ಸಿಗುವುದಿಲ್ಲ. ಬೀಗದ ಕೈ ಇರುವವರು ಆ ದಿನ ಊರಲ್ಲಿರುವುದಿಲ್ಲ.

ಸಾರಣೆಯ ಕೆಲಸವನ್ನು ತಲೆತಲಾಂತರದಿಂದ ಬಲ್ಲವರು ಮಹಿಳೆಯರು. ಮಸಾರಿ, ಸಗಣಿ, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಕಲಸಿ ವಾರದವರೆಗೆ ಕೊಳೆಹಾಕಿದ ಮಣ್ಣು ಬಿರುಕು ಬಿಡುವುದಿಲ್ಲವೆಂಬುದು ಅವರ ಅನುಭವ. ಈ ಕೆಲಸವನ್ನು ಪುಕ್ಕಟೆ ಸೇವೆಯೆಂದು ಎಣಿಸದೆ, ಕೂಲಿ ನಿಗದಿಪಡಿಸಿ ಸ್ವಸಹಾಯ ಸಂಘಗಳಿಗೆ ವಹಿಸುವುದು ನ್ಯಾಯ. ನಿರ್ಮಾಣದ ಅಂದಾಜು ಪಟ್ಟಿಯ ಜೊತೆಯಲ್ಲೇ ವಾರ್ಷಿಕ ದುರಸ್ತಿಯ ಮೊತ್ತವೂ ಗ್ರಾಮ ಪಂಚಾಯತಿಯ ಆಯವ್ಯಯದಲ್ಲಿ ಸೇರಿರಬೇಕು, ಇಲ್ಲವಾದರೆ ಕಾಮಗಾರಿ ಕೈಗೆತ್ತಿಕೊಳ್ಳದಿರುವುದೇ ಉತ್ತಮ. ದುರಸ್ತಿಗೆ ಸರಿಯಾದ ಕಾಲ ಯುಗಾದಿಯ ಯಾತ್ರಿಗಳು ಮುಂದೆ ಸಾಗಿದ ಮೇಲೆ, ಮೃಗಶಿರಾ ಮಳೆಗೆ ಮುನ್ನ ಸಿಗುವ ಎರಡು ತಿಂಗಳು. ಆಗ ಮೊದಲು ನೋಡಬೇಕಾದುದು ಗೋಡೆಯನ್ನಲ್ಲ, ಕಲ್ಲುಹಾಸಿನ ಅಂಚಿನ ಚರಂಡಿಯನ್ನು.